ಬೆಂಕಿಪುರದಲ್ಲೊಂದು ಬೆಂಕಿ ಹೂವು

ಶಿವಮೊಗ್ಗದಲ್ಲಿ ಫ್ಲಾಕ್ಸ್ ಬೆಳೆಯುತ್ತಾ ಅಂತ ಕೇಳಿದರೆ ನನ್ನ ಹತ್ತಿರ ಎರಡು ಉತ್ತರ ಇವೆ. ಬೆಳೆಯುತ್ತೆ. ಬೆಳೆಯಲ್ಲ. ಎರಡೂ ನಿಜ, ಯಾಕಂದರೆ ಆ ಹೆಸರಿನಡಿ ಇರೋದು ಒಂದೇ ಗಿಡ ಅಲ್ಲ. ಜನವರಿಯ ಫಲಪುಷ್ಪ ಪ್ರದರ್ಶನಗಳಲ್ಲಿ, ಸರ್ಕಾರಿ ಕಚೇರಿಗಳ ಮುಂದಿನ ಪಾತಿಗಳಲ್ಲಿ, ಮೊಣಕಾಲಿಗಿಂತ ಕಮ್ಮಿ ಎತ್ತರಕ್ಕೆ ಗುಲಾಬಿ, ಬಿಳಿ, ಕೆಂಪು, ನೇರಳೆ ಬಣ್ಣದ ಹೂವು ಹಾಸಿಟ್ಟ ಹಾಗೆ ಕಾಣುತ್ತಲ್ಲ, ಅದು ವಾರ್ಷಿಕ ಫ್ಲಾಕ್ಸ್. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬೀಜ ಹಾಕಿದರೆ ಚಳಿಗಾಲಕ್ಕೆ ಹೂವು, ಬೇಸಿಗೆಗೆ ಕತೆ ಮುಗೀತು. ಇನ್ನೊಂದು ಬಹುವಾರ್ಷಿಕ ಫ್ಲಾಕ್ಸ್. ಸೊಂಟದೆತ್ತರ ಬೆಳೆಯುತ್ತೆ, ಚಳಿಗೆ ಒಣಗಿ ನೆಲದೊಳಗೆ ಮಲಗುತ್ತೆ, ವಸಂತ ಬಂದಾಗ ಮತ್ತೆ ಏಳುತ್ತೆ. ಅದಕ್ಕೆ ನಿಜವಾದ ಚಳಿ ಬೇಕು. ನಮ್ಮೂರಲ್ಲಿ ಚಳಿಗಾಲ ಅಂದರೆ ಬೆಳಿಗ್ಗೆ ಸ್ವೆಟರ್, ಮಧ್ಯಾಹ್ನ ಫ್ಯಾನ್.

ಈ ವಿಷಯ ಬರೆಯಲು ಕಾರಣ ಒಬ್ಬ ಗೆಳೆಯ. ಬೆಂಗಳೂರಿನ ಬಾಡಿಗೆ ಮನೆ ಬಿಟ್ಟು, ಲ್ಯಾಪ್‌ಟಾಪ್ ಹಿಡಿದುಕೊಂಡು ವಿನೋಬನಗರದ ಅಪ್ಪನ ಮನೆಗೆ ವಾಪಸಾದವನು. ಅಂಗಳ ಸಿಕ್ಕಿದ ಖುಷಿಗೆ ಒಂದು ಫೋಟೋ ಕಳಿಸಿ, ಇದನ್ನ ತರಿಸಲಾ ಅಂತ ಕೇಳಿದ. ಕೆನೆಬಣ್ಣದ ಎಲೆ, ನಡುವೆ ಯಾರೋ ಕುಂಚ ಎಳೆದ ಹಾಗೆ ಒಂದಿಷ್ಟು ಹಸಿರು, ಮೇಲೆ ನಸುನೇರಳೆ ಹೂಗೊಂಚಲು. ‘ನೋರಾ ಲೀ’ ಅನ್ನೋ ಹೆಸರಿನ ಎರಡು ಬಣ್ಣದೆಲೆಯ ಬಹುವಾರ್ಷಿಕ ಫ್ಲಾಕ್ಸ್ ಅದು. ನೋಡೋಕೆ ನಿಜಕ್ಕೂ ಚೆಂದ. ಬೇಡ ಅಂತ ಒಂದೇ ಪದದಲ್ಲಿ ಉತ್ತರ ಕೊಡಬಹುದಿತ್ತು. ಆದರೆ ‘ಯಾಕೆ ಬೇಡ’ ಅನ್ನೋದನ್ನ ಹುಡುಕುತ್ತಾ ಹೋದರೆ ಟೆಕ್ಸಾಸ್, ಲಾಲ್‌ಬಾಗ್, ಭದ್ರಾವತಿ, ಕೆಮ್ಮಣ್ಣುಗುಂಡಿ ಎಲ್ಲ ಒಂದರ ಹಿಂದೊಂದು ಬರುತ್ತವೆ.

ಫ್ಲಾಕ್ಸ್ ಅಂದರೆ ಗ್ರೀಕ್ ಭಾಷೆಯಲ್ಲಿ ಜ್ವಾಲೆ, ಬೆಂಕಿಯ ನಾಲಿಗೆ. ಈ ಕುಲದ ಗಿಡಗಳು ಬಹುತೇಕ ಉತ್ತರ ಅಮೆರಿಕದವು. ಬಹುವಾರ್ಷಿಕ ಫ್ಲಾಕ್ಸ್ ಅಲ್ಲಿನ ಪೂರ್ವ ಭಾಗದ ಕಾಡಂಚಿನದು. 1753ರಲ್ಲಿ ಲಿನೇಯಸ್ ಅದಕ್ಕೆ ಫ್ಲಾಕ್ಸ್ ಪ್ಯಾನಿಕ್ಯುಲೇಟಾ ಅಂತ ಹೆಸರಿಟ್ಟ. ನಮ್ಮೂರಲ್ಲಿ ಬೆಳೆಯೋ ವಾರ್ಷಿಕ ಫ್ಲಾಕ್ಸ್ ಟೆಕ್ಸಾಸಿನದು, ಅದರ ಹಿಂದೆ ಒಂದು ಸಾವಿನ ಕತೆ ಇದೆ. ಥಾಮಸ್ ಡ್ರಮಂಡ್ ಅನ್ನೋ ಸ್ಕಾಟ್ಲೆಂಡಿನ ಸಸ್ಯಸಂಗ್ರಾಹಕ 1833ರಲ್ಲಿ ಟೆಕ್ಸಾಸಿಗೆ ಹೋದ. ಹೋದ ಹೊಸದರಲ್ಲೇ ಕಾಲರಾ ಬಂದು ಸಾವಿನ ಬಾಗಿಲಿಗೆ ಹೋಗಿ ಬಂದ. ಆದರೂ ಎರಡು ವರ್ಷಕ್ಕೆ ಸ್ವಲ್ಪ ಕಮ್ಮಿ ಅವಧಿಯಲ್ಲಿ ನೂರಾರು ಜಾತಿಯ ಗಿಡ, ಹಕ್ಕಿಗಳ ಮಾದರಿ ಕೂಡಿಹಾಕಿದ. ಊರಿಗೆ ವಾಪಸ್ ಹೋಗಿ ಸಂಸಾರ ಕರೆದುಕೊಂಡು ಬಂದು ಟೆಕ್ಸಾಸಿನಲ್ಲೇ ನೆಲೆಸಬೇಕು ಅನ್ನೋದು ಅವನ ಆಸೆ. 1835ರಲ್ಲಿ ಕ್ಯೂಬಾದ ಹವಾನಾದಲ್ಲಿ ತೀರಿಕೊಂಡ. ಅವನು ಕಳಿಸಿದ ಬೀಜ ಮಾತ್ರ ಬ್ರಿಟನ್ ಸೇರಿ ಮೊಳೆತು ಹೂಬಿಟ್ಟಿತು. ಸಸ್ಯಶಾಸ್ತ್ರಜ್ಞ ವಿಲಿಯಂ ಹುಕರ್ ಅದೇ ವರ್ಷ ಅದಕ್ಕೆ ಫ್ಲಾಕ್ಸ್ ಡ್ರಮಂಡಿ ಅಂತ ಹೆಸರಿಟ್ಟ.

ಒಂದು ಸಣ್ಣ ವಿಷಯ ಗಮನಿಸಿ. ಡ್ರಮಂಡನ ಗಿಡ ಬೀಜದಲ್ಲಿ ಬಂತು. ಬೀಜ ಹಗುರ, ಒಣ, ಲಕೋಟೆಯಲ್ಲಿ ಹಿಡಿಯುತ್ತೆ, ತಿಂಗಳುಗಟ್ಟಲೆ ಹಡಗಿನಲ್ಲಿ ತಾಳುತ್ತೆ. ಬ್ರಿಟಿಷ್ ಭಾರತದ ಹೂದೋಟಗಳು ನಿಂತಿದ್ದೇ ಇಂಥ ಲಕೋಟೆಗಳ ಮೇಲೆ. ಇಂಗ್ಲೆಂಡಿನ ಬೇಸಿಗೆ ಹೂವನ್ನ ಇಲ್ಲಿ ಚಳಿಗಾಲದಲ್ಲಿ ಬೆಳೆಯಬಹುದು ಅನ್ನೋ ಉಪಾಯ ಕಂಡುಕೊಂಡವರು ಪೆಟೂನಿಯಾ, ಪ್ಯಾನ್ಸಿ, ಫ್ಲಾಕ್ಸ್ ಎಲ್ಲವನ್ನೂ ‘ಚಳಿಗಾಲದ ವಾರ್ಷಿಕಗಳು’ ಅಂತ ಒಂದೇ ಪಟ್ಟಿಗೆ ಸೇರಿಸಿದರು. ಬೇರಿನಿಂದ, ಕಡ್ಡಿಯಿಂದ ಮಾತ್ರ ಬೆಳೆಸಬೇಕಾದ ಗಿಡಗಳಿಗೆ ಈ ದಾರಿ ಕಷ್ಟ. ಅವು ಬದುಕಿ ಬರಬೇಕು ಅಂದರೆ ದಾರಿಯುದ್ದಕ್ಕೂ ಯಾರಾದರೂ ನೀರು ಹಾಕುತ್ತಿರಬೇಕು.

ಮೈಸೂರು ಸಂಸ್ಥಾನದಲ್ಲಿ ಈ ಲಕೋಟೆಗಳು ಬಂದು ಬಿಚ್ಚಿಕೊಳ್ಳುತ್ತಿದ್ದ ಜಾಗ ಲಾಲ್‌ಬಾಗ್. 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ 1856ರ ಹೊತ್ತಿಗೆ ಸರ್ಕಾರಿ ಸಸ್ಯೋದ್ಯಾನ ಆಯ್ತು. 1874ರಿಂದ 1908ರವರೆಗೆ ಜಾನ್ ಕ್ಯಾಮರಾನ್, ಅವರಾದ ಮೇಲೆ 1932ರವರೆಗೆ ಗುಸ್ತಾವ್ ಹರ್ಮನ್ ಕ್ರುಂಬಿಗೆಲ್. ಜರ್ಮನಿಯ ಡ್ರೆಸ್ಡೆನ್ ಹತ್ತಿರ ಹುಟ್ಟಿ, ಲಂಡನ್ನಿನ ಕ್ಯೂ ತೋಟದಲ್ಲಿ ಪಳಗಿ, ಬರೋಡ ಮಹಾರಾಜರ ಹತ್ತಿರ ಕೆಲಸ ಮಾಡಿ ಬಂದವರು. ಬೆಂಗಳೂರಿನ ರಸ್ತೆಗಳಲ್ಲಿ ಒಂದು ಮರ ಹೂವು ಮುಗಿಸುವಷ್ಟರಲ್ಲಿ ಇನ್ನೊಂದು ಶುರು ಮಾಡುವ ಹಾಗೆ ಸಾಲುಮರ ನೆಡಿಸಿದ ಯೋಜನೆಗೆ ನಾವು ನೆನೆಯುವುದು ಅವರನ್ನೇ. 1912ರಲ್ಲಿ ಮೈಸೂರು ಉದ್ಯಾನ ಕಲಾ ಸಂಘ ಹುಟ್ಟಿದ್ದೂ ಅವರ ಕಾಲದಲ್ಲೇ. ಇವತ್ತು ಲಾಲ್‌ಬಾಗಿನ ಗಾಜಿನಮನೆಯಿಂದ ಹಿಡಿದು ಜಿಲ್ಲಾ ಕೇಂದ್ರಗಳ ಮೈದಾನದವರೆಗೆ ನಡೆಯೋ ಫಲಪುಷ್ಪ ಪ್ರದರ್ಶನದ ರೂಢಿ ಬೆಳೆದಿದ್ದು ಈ ನೆಲದಲ್ಲಿ. ಪಾತಿ, ಅಂಚು, ಕುಂಡ, ಸ್ಪರ್ಧೆ, ಬಹುಮಾನ ಎಲ್ಲ ಆ ಕಾಲದ ಬಳುವಳಿ.

ಈಗ ಭದ್ರಾವತಿಗೆ ಬರೋಣ. ಊರಿನ ಹಳೇ ಹೆಸರು ಬೆಂಕಿಪುರ. ವಂಕಿ ಮಹರ್ಷಿಗಳ ವಂಕಿಪುರವೇ ಬಾಯಿಂದ ಬಾಯಿಗೆ ಬೆಂಕಿಪುರ ಆಯ್ತು ಅಂತ ಊರಿನವರು ಹೇಳುತ್ತಾರೆ. ಆ ಹೆಸರನ್ನ ನಿಜ ಮಾಡೋದಕ್ಕೇ ಅನ್ನೋ ಹಾಗೆ ಅಲ್ಲಿಗೆ ಬಂದಿದ್ದು ಕಬ್ಬಿಣದ ಕುಲುಮೆ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, 1918ರಲ್ಲಿ ಯೋಜನೆ ಶುರುವಾಗಿ 1923ರಲ್ಲಿ ಕಬ್ಬಿಣ ಹರಿಯಿತು. ದಿವಾನಗಿರಿ ಬಿಟ್ಟ ಮೇಲೂ ವಿಶ್ವೇಶ್ವರಯ್ಯ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಅದನ್ನ ಕಷ್ಟದ ದಿನಗಳಲ್ಲಿ ಹಿಡಿದು ನಿಲ್ಲಿಸಿದರು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸೇರಿಕೊಂಡಿತು. ಕಾರ್ಖಾನೆ ಅಂದ ಮೇಲೆ ಕಾಲೊನಿ, ಕಾಲೊನಿ ಅಂದ ಮೇಲೆ ಕ್ವಾರ್ಟರ್ಸ್, ಕ್ವಾರ್ಟರ್ಸ್ ಅಂದ ಮೇಲೆ ಕಾಂಪೌಂಡು, ಕಾಂಪೌಂಡಿಗೊಂದು ಬೇಲಿ, ಬೇಲಿಯೊಳಗೆ ಹೂವಿನ ಗಿಡ. ಮಲೆನಾಡಿನ ಹಳ್ಳಿಮನೆಯ ಅಂಗಳದಲ್ಲಿ ತುಳಸಿ, ದಾಸವಾಳ, ರತ್ನಗಂಧಿ ಇದ್ದವು, ಅವು ಪೂಜೆಗೆ. ನೋಡೋದಕ್ಕೆ ಮಾತ್ರ ಬೆಳೆಸೋ ಹೂವು, ಎಲೆಯ ಬಣ್ಣಕ್ಕೇ ಬೆಳೆಸೋ ಕ್ರೋಟನ್ನು ನಮ್ಮ ಮಧ್ಯಮ ವರ್ಗದ ಮನೆ ಮುಂದೆ ಮಾಮೂಲಾಗಿದ್ದರಲ್ಲಿ ಇಂಥ ಸರ್ಕಾರಿ, ಕಾರ್ಖಾನೆ ಕಾಲೊನಿಗಳ ಪಾಲು ದೊಡ್ಡದು ಅನ್ನೋದು ನನ್ನ ಅಂದಾಜು.

ಆದರೆ ಈ ತೋಟದ ಇನ್ನೊಂದು ಮುಖವನ್ನೂ ನೋಡಬೇಕು. ಭದ್ರಾವತಿಯ ಮೊದಲ ಕುಲುಮೆ ಉರಿದದ್ದು ಕಲ್ಲಿದ್ದಲಿನಿಂದಲ್ಲ, ಮರದ ಇದ್ದಲಿನಿಂದ. ಹತ್ತಿರದಲ್ಲಿ ಕಲ್ಲಿದ್ದಲಿಲ್ಲ, ಕಾಡಿತ್ತು. ಮಲೆನಾಡಿನ ಗಟ್ಟಿಮರಗಳನ್ನ ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಇದ್ದಲು ತೆಗೆಯೋದು, ಜೊತೆಗೆ ಬರೋ ಟಾರು, ಮರದ ಮದ್ಯಸಾರ, ಅಸಿಟೇಟ್ ಮಾರೋದು. ಕಾರ್ಖಾನೆಯ ಒಂದು ದೊಡ್ಡ ಭಾಗ ಇದೇ ಆಗಿತ್ತು. ಆಮೇಲೆ ವಿದ್ಯುತ್ ಕುಲುಮೆಗಳು ಬಂದವು. ಅಷ್ಟರೊಳಗೆ ಎಷ್ಟೋ ಗುಡ್ಡಗಳ ಮರ ಬೆಂಕಿಪುರಕ್ಕೆ ಹೋಗಿಯಾಗಿತ್ತು. ಕಾಗದ ಕಾರ್ಖಾನೆಯ ಸರದಿ ನಂತರದ್ದು. 1980ರಲ್ಲಿ 20 ಸಾವಿರ ಹೆಕ್ಟೇರಿಗೂ ಹೆಚ್ಚು ಅರಣ್ಯಭೂಮಿ 40 ವರ್ಷದ ಗುತ್ತಿಗೆಗೆ ಸಿಕ್ಕಿತು, ಅಲ್ಲಿ ಅಕೇಶಿಯಾ, ನೀಲಗಿರಿ ಎದ್ದವು. 2020ರಲ್ಲಿ ಗುತ್ತಿಗೆ ಮುಗಿದಾಗ ಮತ್ತೆ ಮುಂದುವರಿಸಬೇಡಿ ಅಂತ ಶಿವಮೊಗ್ಗದಲ್ಲಿ ದೊಡ್ಡ ದನಿ ಎದ್ದಿದ್ದು ನಿಮಗೂ ನೆನಪಿರಬಹುದು. ನೂರಾರು ಜಾತಿಯ ಮರ ಇದ್ದ ಕಾಡು ಒಂದೆರಡು ಜಾತಿಗೆ ಇಳಿದ ಅದೇ ಊರಿನಲ್ಲಿ, ಕ್ವಾರ್ಟರ್ಸಿನ ಕಾಂಪೌಂಡಿನೊಳಗೆ ದೂರದೇಶದ ಬಣ್ಣಬಣ್ಣದ ಎಲೆ ಒಟ್ಟಾಗುತ್ತಿತ್ತು. ಇದರಲ್ಲಿ ಯಾರನ್ನೋ ಬೈಯಬೇಕು ಅಂತ ನನಗಿಲ್ಲ. ಆ ಕಾರ್ಖಾನೆಯ ಸಂಬಳದಲ್ಲಿ ಓದಿದ ಎರಡು-ಮೂರು ತಲೆಮಾರು ನಮ್ಮ ಸುತ್ತಲೇ ಇದೆ. ಆದರೆ ತೋಟದ ಇತಿಹಾಸ ಹೇಳುವಾಗ ಕಾಡಿನ ಲೆಕ್ಕ ಬಿಟ್ಟರೆ ಅದು ಅರ್ಧ ಇತಿಹಾಸ.

ಕೆಮ್ಮಣ್ಣುಗುಂಡಿಯಲ್ಲಿ ಈ ಎರಡೂ ಮುಖ ಒಂದೇ ಗುಡ್ಡದ ಮೇಲೆ ಸಿಗುತ್ತವೆ. ಹೆಸರೇ ಹೇಳುತ್ತೆ, ಕೆಂಪು ಮಣ್ಣಿನ ಗುಂಡಿ. ಭದ್ರಾವತಿಯ ಅದಿರು ಬರುತ್ತಿದ್ದದ್ದು ಬಾಬಾಬುಡನ್ ಗಿರಿಸಾಲಿನ ಈ ಗಣಿಯಿಂದ, ರೋಪ್‌ವೇ ಮೇಲೆ ಕೆಳಗಿಳಿದು. ಅದೇ ಗುಡ್ಡ ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆಯ ತಂಗುದಾಣ, ಈಗ ತೋಟಗಾರಿಕೆ ಇಲಾಖೆಯ ಗಿರಿಧಾಮ. ಸಮುದ್ರಮಟ್ಟದಿಂದ ಸುಮಾರು 1,430 ಮೀಟರ್ ಎತ್ತರ. ಶಿವಮೊಗ್ಗ ನಗರ 570 ಮೀಟರ್ ಆಸುಪಾಸು. ಈ 860 ಮೀಟರ್ ವ್ಯತ್ಯಾಸಕ್ಕೆ ತಾಪಮಾನ ಐದಾರು ಡಿಗ್ರಿ ಇಳಿಯುತ್ತೆ. ಹಾಗಾಗಿಯೇ ಅಲ್ಲಿನ ಗುಲಾಬಿ ತೋಟ ನೋಡಿ ಬಂದವರು ಊರಲ್ಲಿ ಅದೇ ಗಿಡ ನೆಟ್ಟು, ಅಲ್ಲಿಯ ಹಾಗೆ ಯಾಕೆ ಬರಲ್ಲ ಅಂತ ಕೇಳೋದು. ಆದರೆ ಬಹುವಾರ್ಷಿಕ ಫ್ಲಾಕ್ಸಿಗೆ ಕೆಮ್ಮಣ್ಣುಗುಂಡಿಯ ತಂಪೂ ಸಾಲದು. ಅದರ ತವರಿನಲ್ಲಿ ತಿಂಗಳುಗಟ್ಟಲೆ ಗಟ್ಟಿ ಚಳಿ ಇರುತ್ತೆ, ಬೇರಿಗೆ ಆ ನಿದ್ದೆ ಬೇಕು. ನಿದ್ದೆ ಸಿಗದ ಗಿಡ ಒಂದೆರಡು ವರ್ಷ ಹೇಗೋ ತಳ್ಳುತ್ತೆ. ಅದರ ಮೇಲೆ ಮಲೆನಾಡಿನ ಮಳೆಗಾಲದ ತೇವ. ಬೂದಿರೋಗ ಅಂದರೆ ಈ ಗಿಡಕ್ಕೆ ಮೊದಲೇ ಬಲು ಪ್ರೀತಿ.

ಇನ್ನು ಎರಡು ಬಣ್ಣದ ಎಲೆಯ ವಿಚಾರ. ವೇರಿಗೇಟೆಡ್ ಅನ್ನೋ ಪದ ಈಗ ನರ್ಸರಿಗಳಲ್ಲಿ ಬೆಲೆ ಏರಿಸೋ ಮಂತ್ರ. ಮಾಮೂಲಿ ಮನಿಪ್ಲಾಂಟಿಗೆ ಒಂದು ಬೆಲೆ, ಬಿಳಿ ಮಚ್ಚೆ ಇರೋದಕ್ಕೆ ಅದರ ಮೂರು-ನಾಲ್ಕು ಪಟ್ಟು. ಆದರೆ ಮಲೆನಾಡಿನ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದವರಿಗೆ ಕೇಳಿ, ಎಲೆ ಹಳದಿಯಾಯ್ತು ಅಂದರೆ ಎದೆ ಧಸಕ್ ಅನ್ನುತ್ತೆ. ಶೃಂಗೇರಿ, ಕೊಪ್ಪ ಕಡೆ ಹಳದಿ ಎಲೆ ರೋಗ ತೋಟಕ್ಕೆ ತೋಟವನ್ನೇ ಮುಗಿಸಿದೆ. ತೀರ್ಥಹಳ್ಳಿ, ಹೊಸನಗರದ ಕಡೆ ಈಚೆಗೆ ಎಲೆಚುಕ್ಕೆ ರೋಗದ ಭಯ. ಬೆಂಡೆಗಿಡದ ಎಲೆಯಲ್ಲಿ ಹಳದಿ ನರಗಳ ಬಲೆ ಕಂಡರೆ ಅದು ಬಿಳಿನೊಣ ಹರಡೋ ವೈರಸ್, ಕಿತ್ತು ಹಾಕಬೇಕು. ನಮ್ಮ ಅಜ್ಜ-ಅಜ್ಜಿಯರ ಕಣ್ಣಿಗೆ ಹಸಿರಲ್ಲದ ಎಲೆ ಅಂದರೆ ಕಾಯಿಲೆ. ಅದೇ ಎಲೆಗೆ ಮೊಮ್ಮಕ್ಕಳು ಆನ್‌ಲೈನಿನಲ್ಲಿ ದುಡ್ಡು ಕೊಡುತ್ತಿದ್ದಾರೆ.

ತಮಾಷೆ ಅಂದರೆ ಅಜ್ಜಿ ಹೇಳೋದು ಪೂರ್ತಿ ತಪ್ಪಲ್ಲ. ಹಾಲೆಂಡಿನಲ್ಲಿ 1637ರಲ್ಲಿ ಕುಸಿದು ಬಿದ್ದ ಟ್ಯುಲಿಪ್ ಹುಚ್ಚಿನ ಕತೆ ನೀವು ಷೇರು ಮಾರುಕಟ್ಟೆಯ ಪುಸ್ತಕಗಳಲ್ಲಿ ಓದಿರುತ್ತೀರಿ. ಅತಿ ಹೆಚ್ಚು ಬೆಲೆ ಇದ್ದದ್ದು ಪಟ್ಟೆ ಪಟ್ಟೆ ಹೂವಿನ ಗೆಡ್ಡೆಗೆ. ಆ ಪಟ್ಟೆ ಒಂದು ಸೋಂಕು ಅಂತ ಡೊರೋಥಿ ಕೇಲಿ ಅನ್ನೋ ಇಂಗ್ಲಿಷ್ ವಿಜ್ಞಾನಿ 1928ರಲ್ಲಿ ತೋರಿಸಿದರು. ಒಳ್ಳೇ ಬೆಲೆಗೆ ಮಾರಿದ್ದು ಕಾಯಿಲೆಯನ್ನ. 1868ರಲ್ಲಿ ಲಂಡನ್ನಿನ ವೀಚ್ ನರ್ಸರಿ ವೆಸ್ಟ್ ಇಂಡೀಸಿನಿಂದ ಬಂದ ಅಬುಟಿಲಾನ್ ಗಿಡವೊಂದನ್ನ ಪ್ರಚಾರಕ್ಕೆ ತಂದಿತು. ನಮ್ಮ ದಾಸವಾಳದ ದಾಯಾದಿ ಅದು, ಎಲೆ ತುಂಬ ಹಳದಿ ಚಿತ್ತಾರ. ಅದರ ಕಡ್ಡಿಯನ್ನ ಹಸಿರು ಗಿಡಕ್ಕೆ ಕಸಿ ಮಾಡಿದರೆ ಹಸಿರು ಗಿಡಕ್ಕೂ ಚಿತ್ತಾರ ಹತ್ತಿಕೊಳ್ಳುತ್ತಿತ್ತು. ಎಲ್ಲರೂ ಬೆರಗಾದರು. ಅದೂ ವೈರಸ್ಸೇ. ಬೆಂಡೆಯ ಹಳದಿ ನರದ ವೈರಸ್ಸಿಗೂ ಅದಕ್ಕೂ ಒಂದೇ ಕುಟುಂಬ.

ನೋರಾ ಲೀ ಫ್ಲಾಕ್ಸಿನ ಬಿಳಿ ಹಾಗಲ್ಲ, ಅದು ಕಾಯಿಲೆ ಅಲ್ಲ. ಒಂದೇ ಗಿಡದೊಳಗೆ ಎರಡು ಬಗೆಯ ಜೀವಕೋಶ ಇರೋದು. ಇಂಥ ಗಿಡಕ್ಕೆ ಕೈಮೆರಾ ಅಂತಾರೆ. ಬೆಳೆಯೋ ತುದಿಯಲ್ಲಿ ಈರುಳ್ಳಿ ಸಿಪ್ಪೆಯ ಹಾಗೆ ಪದರಗಳಿರುತ್ತವೆ. ಒಂದು ಪದರದ ಕೋಶಗಳಿಗೆ ಹಸಿರು ತಯಾರಿಸೋ ಶಕ್ತಿ ಇರಲ್ಲ, ಇನ್ನೊಂದಕ್ಕೆ ಇರುತ್ತೆ. ಎಲೆಯ ಅಂಚು ಆ ಬಿಳಿ ಪದರದಿಂದ, ನಡುಭಾಗ ಹಸಿರು ಪದರದಿಂದ ಆಗುತ್ತೆ. ಪೆಲಾರ್ಗೋನಿಯಂ ಗಿಡದಲ್ಲಿ ಈ ವ್ಯವಸ್ಥೆಯನ್ನ 1909ರಲ್ಲಿ ವಿವರಿಸಿದವನು ಜರ್ಮನಿಯ ಎರ್ವಿನ್ ಬೌರ್. ಬಿಳಿ ಭಾಗ ಊಟ ತಯಾರಿಸಲ್ಲ, ಹಸಿರು ದುಡಿದದ್ದನ್ನ ತಿನ್ನುತ್ತೆ. ಹಾಗಾಗಿ ಈ ಗಿಡಗಳು ನಿಧಾನ. ನಡುನಡುವೆ ಪೂರ್ತಿ ಹಸಿರಿನ ಚಿಗುರೊಂದು ಬಂದರೆ ಅದು ಜೋರಾಗಿ ಬೆಳೆದು ಉಳಿದದ್ದನ್ನ ಮುಚ್ಚಿಬಿಡುತ್ತೆ. ಮಾಲಿ ಕತ್ತರಿ ಹಿಡಿದು ಅದನ್ನ ತೆಗೆಯುತ್ತಲೇ ಇರಬೇಕು.

ಫ್ಲಾಕ್ಸಿನಲ್ಲಿ ಇನ್ನೂ ಒಂದು ಪೇಚು ಇದೆ. ಬಹುವಾರ್ಷಿಕ ಫ್ಲಾಕ್ಸಿಗೆ ಕಾಂಡದೊಳಗೆ ಸೇರಿಕೊಳ್ಳೋ ಸೂಕ್ಷ್ಮ ಜಂತುಹುಳದ ಕಾಟ. ಬೇರಿನಲ್ಲಿ ಆ ಹುಳ ಇರಲ್ಲ, ಅದಕ್ಕೇ ಬೇರಿನ ತುಂಡು ನೆಟ್ಟು ಆರೋಗ್ಯದ ಗಿಡ ಮಾಡಿಕೊಳ್ಳೋದು ರೂಢಿ. ಆದರೆ ಬೇರಿನಿಂದ ಹುಟ್ಟೋ ಮೊಗ್ಗು ಒಳಗಿನ ಹಸಿರು ಪದರದಿಂದ ಬರುತ್ತೆ. ಗಿಡ ಆರೋಗ್ಯವಾಗಿರುತ್ತೆ, ಬಿಳಿ ಅಂಚು ಮಾಯ. ಬಣ್ಣ ಬೇಕು ಅಂದರೆ ಕಾಂಡದ ಕಡ್ಡಿ ಅಥವಾ ಬುಡ ಬಿಡಿಸಿದ ತುಂಡು ನೆಡಬೇಕು, ಹುಳದ ಅಪಾಯ ಹೊತ್ತುಕೊಂಡು. ಅಂದರೆ ಜಗತ್ತಿನಲ್ಲಿ ಇರೋ ಪ್ರತಿಯೊಂದು ನೋರಾ ಲೀ ಗಿಡವೂ ಇನ್ನೊಂದು ಗಿಡದ ತುಂಡು. ಯಾರೋ ಒಬ್ಬರು ಕತ್ತರಿಸಿ, ನೆಟ್ಟು, ಕಾದು, ಇನ್ನೊಬ್ಬರಿಗೆ ಕೊಟ್ಟಿದ್ದರಿಂದ ಮಾತ್ರ ಅದು ಇದೆ. ಅದರ ಬೀಜದಿಂದ ಅದೇ ಗಿಡ ಬರಲ್ಲ. ಹೆಸರಿಗೆ ಬಹುವಾರ್ಷಿಕ, ಆದರೆ ಅದರ ಆಯಸ್ಸು ಇರೋದು ಮನುಷ್ಯರ ಕೈಯಲ್ಲಿ.

ಇದೇ ವಿದ್ಯೆಯ ನಮ್ಮ ಅಂಗಳದ ಗಿಡ ಬೇಕಾ? ಸಂಜೆಮಲ್ಲಿಗೆ. ಪಿಯುಸಿ ಬಯಾಲಜಿ ಓದಿದವರಿಗೆ ಅದರ ಲ್ಯಾಟಿನ್ ಹೆಸರು ಮಿರಾಬಿಲಿಸ್ ಜಲಾಪಾ ನೆನಪಿರಬೇಕು. ಮೂಲ ಅಮೆರಿಕದ ಉಷ್ಣಪ್ರದೇಶ, ಆದರೆ ಶಿವಮೊಗ್ಗ ಜಿಲ್ಲೆಯ ಹಿತ್ತಲುಗಳಲ್ಲಿ ಎಷ್ಟು ಬೆರೆತಿದೆ ಅಂದರೆ ಹೊರಗಿನದು ಅಂತ ಯಾರಿಗೂ ಅನಿಸಲ್ಲ. ಮೆಂಡೆಲನ ಕೆಲಸವನ್ನ 1900ರಲ್ಲಿ ಮತ್ತೆ ಬೆಳಕಿಗೆ ತಂದವರಲ್ಲಿ ಒಬ್ಬನಾದ ಕಾರ್ಲ್ ಕೊರೆನ್ಸ್ 1909ರಲ್ಲಿ ಈ ಗಿಡದ ಮಚ್ಚೆ ಎಲೆಯ ತಳಿಯನ್ನ ಹಿಡಿದು ಕೂತ. ಒಂದೇ ಗಿಡದಲ್ಲಿ ಹಸಿರು ಕೊಂಬೆ, ಬಿಳಿ ಕೊಂಬೆ, ಮಚ್ಚೆ ಕೊಂಬೆ ಇದ್ದವು. ಪರಾಗ ಯಾವ ಕೊಂಬೆಯದ್ದಾದರೂ ಲೆಕ್ಕಕ್ಕಿಲ್ಲ, ಮರಿಗಿಡದ ಎಲೆ ಹೇಗಿರುತ್ತೆ ಅನ್ನೋದು ಬೀಜ ಕಟ್ಟಿದ ತಾಯಿಕೊಂಬೆಯ ಮೇಲೇ ನಿಂತಿತ್ತು. ಬಿಳಿ ಕೊಂಬೆಯ ಮಕ್ಕಳು ಬಿಳಿಯಾಗೇ ಮೊಳೆತು ಕೆಲವೇ ದಿನದಲ್ಲಿ ಸಾಯುತ್ತಿದ್ದವು. ಮೆಂಡೆಲನ ನಿಯಮಕ್ಕೆ ಸಿಗದ, ತಾಯಿಯ ಕಡೆಯಿಂದ ಮಾತ್ರ ಬರೋ ಆನುವಂಶಿಕತೆಯೂ ಇದೆ ಅನ್ನೋದಕ್ಕೆ ಸಿಕ್ಕ ಮೊದಲ ಗಟ್ಟಿ ಪುರಾವೆಗಳಲ್ಲಿ ಇದೂ ಒಂದು.

ಭದ್ರಾವತಿಯ ಹಳೇ ಕಾಲೊನಿ ಬೀದಿಗಳಲ್ಲಿ ನಡೆಯುವಾಗ ನನಗೆ ಈ ಗಿಡಗಳೇ ಕಣ್ಣಿಗೆ ಬೀಳೋದು. ಕಾಗದ ಕಾರ್ಖಾನೆ ನಿಂತು ವರ್ಷಗಳೇ ಆದವು. ಕಬ್ಬಿಣದ ಕಾರ್ಖಾನೆಗೆ 1976ರಲ್ಲಿ ವಿಶ್ವೇಶ್ವರಯ್ಯನವರ ಹೆಸರು ಬಂತು, 1989ರಲ್ಲಿ ಅದು ಸೈಲ್ ಕೈಗೆ ಹೋಯ್ತು, 2023ರ ಶುರುವಿನಲ್ಲಿ ಮುಚ್ಚುವ ತೀರ್ಮಾನದ ಸುದ್ದಿ ಕೇಳಿ ಕಾರ್ಮಿಕರು ಬೀದಿಗಿಳಿದರು. ಬೀಗ ಬಿದ್ದ ಮನೆಗಳ ಮುಂದೆ ಪಾತಿ ಯಾವುದು, ದಾರಿ ಯಾವುದು ಅಂತ ಗೊತ್ತಾಗಲ್ಲ. ಪ್ರತಿ ವರ್ಷ ಲಕೋಟೆ ಬಿಚ್ಚಿ ಹಾಕಬೇಕಾದ ಪೆಟೂನಿಯಾ, ಫ್ಲಾಕ್ಸ್ ಅಲ್ಲಿ ಇಲ್ಲ. ಲಕೋಟೆ ತರುವವರೇ ಇಲ್ಲವಲ್ಲ. ಉಳಿದಿರೋದು ಬೇಲಿಯ ಕ್ರೋಟನ್ನು, ತಾನಾಗೇ ಬೀಜ ಉದುರಿಸಿಕೊಂಡು ಏಳೋ ಸಂಜೆಮಲ್ಲಿಗೆ. ಕ್ರೋಟನ್ನಿನ ತವರು ಇಂಡೋನೇಷ್ಯಾ ಕಡೆಯ ದ್ವೀಪಗಳು, ಅದಕ್ಕೆ ಮಲೆನಾಡಿನ ಮಳೆ, ಸೆಕೆ ಹೊಸದಲ್ಲ. ಎರಡು ಬಣ್ಣದ ಎಲೆ ಅನ್ನೋ ಫ್ಯಾಷನ್ನು ವಿಕ್ಟೋರಿಯಾ ರಾಣಿ ಕಾಲದ ಗಾಜಿನಮನೆಗಳಿಂದ ಇಲ್ಲಿಯ ತನಕ ಬಂದು, ಆ ಫ್ಯಾಷನ್ ಮಾಡಿದವರೆಲ್ಲ ಹೋದ ಮೇಲೂ ನಿಂತಿದೆ. ಒಂದು ಗಿಡ ಬಹುವಾರ್ಷಿಕವೋ ಅಲ್ಲವೋ ಅನ್ನೋದನ್ನ ನಾನು ಈಗ ಕ್ಯಾಟಲಾಗಿನಲ್ಲಿ ನೋಡಲ್ಲ, ಇಂಥ ಬೀದಿಯಲ್ಲಿ ನೋಡ್ತೀನಿ.

ಗೆಳೆಯನಿಗೆ ಕೊನೆಗೆ ಕೊಟ್ಟ ಸಲಹೆ ಇಷ್ಟು. ನೋರಾ ಲೀ ಬೇಡ. ಮಾರ್ಚ್-ಏಪ್ರಿಲ್‌ನಲ್ಲಿ 35 ಡಿಗ್ರಿ ದಾಟೋ ಊರಿನ ಬಿಸಿಲಿಗೆ ಬಿಳಿ ಎಲೆ ಸುಟ್ಟುಹೋಗುತ್ತೆ, ಮಳೆಗಾಲಕ್ಕೆ ಬೂದಿ ಹಿಡಿಯುತ್ತೆ. ಫ್ಲಾಕ್ಸ್ ಬೇಕೇಬೇಕು ಅಂದರೆ ಡ್ರಮಂಡನ ಫ್ಲಾಕ್ಸ್ ತಗೋ. ಮಳೆ ಇಳಿದ ಮೇಲೆ, ನವರಾತ್ರಿ ಹೊತ್ತಿಗೆ, ನೀರು ನಿಲ್ಲದ ಟ್ರೇಯಲ್ಲಿ ಬೀಜ ಚೆಲ್ಲು. ತಿಂಗಳಿಗೆ ಸಸಿ ಆಗುತ್ತೆ, ಪೂರ್ತಿ ಬಿಸಿಲು ಬೀಳೋ ಕಡೆ ಒಂದು ಗೇಣು ಅಂತರ ಬಿಟ್ಟು ನೆಡು, ಬಾಡಿದ ಹೂವು ಚಿವುಟುತ್ತಾ ಇರು. ಸಂಕ್ರಾಂತಿಗೆ ಅಂಗಳ ತುಂಬುತ್ತೆ. ಎರಡು ಬಣ್ಣದ ಎಲೆ ಬೇಕು ಅಂದರೆ ಹಳೇ ಕಾಂಪೌಂಡಿನ ಕ್ರೋಟನ್ನಿನಿಂದ, ಕೇಳಿಕೊಂಡು, ಎರಡು ಕಡ್ಡಿ ತಂದು ಜೂನ್ ಮಳೆಗೆ ಚುಚ್ಚು. ಸಂಜೆಮಲ್ಲಿಗೆಯಲ್ಲಿ ಮಚ್ಚೆ ಎಲೆಯ ಗಿಡ ಕಂಡರೆ ಬೀಜ ತೆಗೆಯೋ ಮುಂಚೆ ಯಾವ ಕೊಂಬೆಯದು ಅಂತ ಗುರುತು ಮಾಡಿಕೋ. ಕೊರೆನ್ಸ್ ಮಾಡಿದ ಪ್ರಯೋಗವನ್ನ ವಿನೋಬನಗರದ ಅಂಗಳದಲ್ಲೇ ಮಾಡಬಹುದು, ಖರ್ಚು ಏನೂ ಇಲ್ಲ.

ಅವನು ಕ್ರೋಟನ್ ಕಡ್ಡಿಗೆ ಒಪ್ಪಿದ್ದಾನೆ. ಫ್ಲಾಕ್ಸ್ ಬೀಜಕ್ಕೆ ಸೆಪ್ಟೆಂಬರ್ ಬರಬೇಕು.